ಆಸ್ಪತ್ರೆಯ ಬಾಗಿಲಿಗೆ ಬರುವ ಮುಂಚಿನ ಒಂಬತ್ತು ತಿಂಗಳು

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಟ್ಟ ಲೆಕ್ಕ. 2001-03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಪ್ರಾಣ ಬಿಡುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2005ರ ಜನನಿ ಸುರಕ್ಷಾ ಯೋಜನೆ, ಮನೆಮನೆಗೆ ಎಡತಾಕುವ ಆಶಾ ಕಾರ್ಯಕರ್ತೆಯರು, 2008ರ ರಾಜ್ಯೋತ್ಸವದ ದಿನ ರಸ್ತೆಗಿಳಿದ 108 ಆಂಬುಲೆನ್ಸ್, ಎಲ್ಲ ಸೇರಿ ಮಾಡಿದ ದೊಡ್ಡ ಕೆಲಸ ಅದು. ಅದೇ 2018-20ರಲ್ಲಿ ಕೇರಳದ ಅಂಕಿ 19 ಇತ್ತು. ನಾವು ನಡೆಯಬೇಕಾದ ದಾರಿ ಇನ್ನೂ ಎಷ್ಟಿದೆ ಎಂಬುದಕ್ಕೆ ಅಷ್ಟು ಸಾಕು.

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ. ಇಡೀ ದೇಶಕ್ಕೆ ನೋಡಿದರೆ 2015-16ರಲ್ಲಿ 50 ಇದ್ದದ್ದು 52ಕ್ಕೆ ಏರಿದೆ. ಹೆರಿಗೆಯ ದಿನವನ್ನು ಆಸ್ಪತ್ರೆ ಮಟ್ಟಿಗೆ ಸರಿಮಾಡಿಕೊಂಡೆವು. ಅದಕ್ಕೂ ಮುಂಚಿನ ಒಂಬತ್ತು ತಿಂಗಳು ಹೆಂಗಸು ಮನೆಯಲ್ಲಿ, ಹೊಲದಲ್ಲಿ, ಗಾರ್ಮೆಂಟ್ಸ್ ಮೆಷಿನ್ ಮುಂದೆ ಕಳೆಯುತ್ತಾಳೆ. ಆ ಕಾಲ ಮಾತ್ರ ಇದ್ದಲ್ಲೇ ಇದೆ. "ಹುಷಾರಾಗಿರಮ್ಮ" ಎಂದು ಅವಳಿಗೆ ಎಲ್ಲರೂ ಹೇಳುತ್ತಾರೆ. ಹುಷಾರಾಗಿರಲು ಬೇಕಾದ ಊಟ, ನಿದ್ದೆ, ಬಿಡುವು, ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು ಇವನ್ನು ಒದಗಿಸಬೇಕಾದವರು ಯಾರು ಎಂಬ ಮಾತು ಬರುವುದು ಕಡಿಮೆ. ಬಸಿರಿನ ಆರೋಗ್ಯದ ಬಗ್ಗೆ ವೈದ್ಯಶಾಸ್ತ್ರಕ್ಕೆ ತಿಳಿದದ್ದು ಬಹಳ ಇದೆ, ಅದರಲ್ಲಿ ಬಹುಪಾಲು ಅಗ್ಗದ್ದು. ಅವಳವರೆಗೆ ತಲುಪಿಸುವುದರಲ್ಲೇ ನಾವು ಸೋಲುತ್ತಿದ್ದೇವೆ.

ಕೆಂಪು ಬಣ್ಣದ ಕಬ್ಬಿಣದ ಮಾತ್ರೆಯಿಂದಲೇ ಶುರುಮಾಡಬಹುದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು ಎನ್ನುತ್ತದೆ 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ. ಆದರೂ ದೇಶದ ಬಸುರಿಯರಲ್ಲಿ 180 ದಿನ ಪೂರ್ತಿ ನುಂಗಿದವರು ನೂರಕ್ಕೆ 26 ಮಾತ್ರ. ನೂರು ದಿನದ ಗಡಿ ದಾಟಿದವರೂ 44.

ಈ ಮಾತ್ರೆಯ ಅರ್ಧ ಚರಿತ್ರೆ ನಮ್ಮ ನೆಲದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಯ ಬಡ ಹೆಂಗಸರು ಬಸಿರಿನಲ್ಲಿ ವಿಪರೀತ ರಕ್ತಹೀನರಾಗಿ ಸಾಯುತ್ತಿದ್ದರು. ಅವರ ಊಟದಲ್ಲಿ ಹಣ್ಣು, ಸೊಪ್ಪು, ಹಾಲು ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ಗಮನಿಸಿದ ವಿಲ್ಸ್, ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟು ನೋಡಿದರು. ಹೆಂಗಸರು ಚೇತರಿಸಿಕೊಂಡರು. ಈ ಸಂಗತಿ 1931ರಲ್ಲಿ ಪ್ರಕಟವಾಯಿತು. ಹತ್ತು ವರ್ಷದ ಮೇಲೆ, 1941ರಲ್ಲಿ, ವಿಜ್ಞಾನಿಗಳು ಅಂಥದೇ ವಸ್ತುವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಕರೆದರು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇನ್ನೊಂದು ಪ್ರಯೋಗದ ಫಲಿತಾಂಶ ಕೊಟ್ಟಿತು. ಒಮ್ಮೆ ಬೆನ್ನುಹುರಿ, ಮೆದುಳು ಸರಿಯಾಗಿ ಮುಚ್ಚಿಕೊಳ್ಳದ ಮಗುವನ್ನು ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಅಂಥದೇ ದೋಷ ಮರುಕಳಿಸುವ ಅಪಾಯ ನೂರಕ್ಕೆ 72ರಷ್ಟು ತಗ್ಗುತ್ತಿತ್ತು. ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚುವುದು ಮೊದಲ ನಾಲ್ಕು ವಾರದೊಳಗೆ. ಆ ಹೊತ್ತಿಗೆ ಬಹಳ ಹೆಂಗಸರಿಗೆ ತಾನು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಹಾಗಾಗಿ ಫೋಲಿಕ್ ಆಮ್ಲದ ಮಾತ್ರೆ ಮಗು ಬೇಕೆಂದು ನಿರ್ಧರಿಸಿದ ದಿನದಿಂದಲೇ ಶುರುವಾಗಬೇಕು. ನಮ್ಮಲ್ಲಿ ಈ ಸಲಹೆ ಬಸಿರು ನಿಂತ ಮೇಲೆ, ಅದೂ ಎರಡು ತಿಂಗಳು ಕಳೆದು, ಮೊದಲ ತಪಾಸಣೆಗೆ ಹೋದಾಗ ಕಿವಿಗೆ ಬೀಳುವುದೇ ಹೆಚ್ಚು.

ಮಾತ್ರೆ ಕೈಗೆ ಸಿಕ್ಕರೂ ಹೊಟ್ಟೆಗೆ ಹೋಗದಿರುವುದಕ್ಕೆ ಕಾರಣಗಳಿವೆ, ಅವು ದಡ್ಡತನದ ಕಾರಣಗಳಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲ ಗಟ್ಟಿಯಾಗಿ ಕಪ್ಪಾಗುತ್ತದೆ. ಮೊದಲೇ ವಾಂತಿಯಿಂದ ಸೋತ ಹೆಂಗಸಿಗೆ ಇದು ಬೇಡವೆನಿಸುತ್ತದೆ. ಮಗು ಕಪ್ಪಾಗುತ್ತದೆ ಎಂಬ ಹೆದರಿಕೆಯೂ ಸೇರಿಕೊಳ್ಳುತ್ತದೆ. ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1983ರಲ್ಲಿ ಬರೆದ ಲೇಖನದಲ್ಲಿ ಇದರ ಒಳಗನ್ನು ತೋರಿಸಿದ್ದಾರೆ. ಅಲ್ಲಿನ ಅನೇಕ ಹೆಂಗಸರ ಲೆಕ್ಕದಲ್ಲಿ ಹೊಟ್ಟೆಯೊಳಗೆ ಮಗುವಿಗೂ ಅನ್ನಕ್ಕೂ ಇರುವುದು ಒಂದೇ ಜಾಗ. ಹೆಚ್ಚು ತಿಂದರೆ ಮಗುವಿಗೆ ಜಾಗ ಇಕ್ಕಟ್ಟಾಗುತ್ತದೆ. ಮಗು ದಪ್ಪ ಬೆಳೆದರೆ ಹೆರಿಗೆ ಕಷ್ಟವಾಗುತ್ತದೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಸಣ್ಣ ಮಗುವನ್ನು ಬಯಸಿದ್ದರಲ್ಲಿ ವಿವೇಕವೇ ಇತ್ತು. ಇಂದು ಆಸ್ಪತ್ರೆ ಹತ್ತಿರ ಬಂದಿದೆ, ಹಳೆಯ ಹೆದರಿಕೆ ಮಾತ್ರ ಹೋಗಿಲ್ಲ. ಆ ಹೆದರಿಕೆಯನ್ನು ಕೇಳಿಸಿಕೊಳ್ಳದೆ ಮಾತ್ರೆಯ ಪಟ್ಟಿಯನ್ನಷ್ಟೇ ಕೈಗಿತ್ತು ಕಳಿಸಿದರೆ ಅದು ಟ್ರಂಕಿನ ಮೂಲೆ ಸೇರುತ್ತದೆ.

ಬಳಸುವ ಬಗೆಯಲ್ಲೂ ಸೂಕ್ಷ್ಮವಿದೆ. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಿದರೂ ಹಾಗೆಯೇ. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ನುಂಗಿ ಮಲಗಿದರೆ ಹೊಟ್ಟೆ ತೊಳಸುವುದು ಅಷ್ಟಾಗಿ ಕಾಡುವುದಿಲ್ಲ. ಹೊಟ್ಟೆಹುಳುವಿದ್ದರೆ ಎಷ್ಟು ಕಬ್ಬಿಣ ಕೊಟ್ಟರೂ ಸೋರಿ ಹೋಗುತ್ತದೆ, ಅದಕ್ಕೇ ಮೂರು ತಿಂಗಳು ಕಳೆದ ಮೇಲೆ ಒಮ್ಮೆ ಹುಳುವಿನ ಮಾತ್ರೆ ಕೊಡುತ್ತಾರೆ. ಹಸಿ ಅಕ್ಕಿ, ಸುಟ್ಟ ಮಣ್ಣು, ವಿಭೂತಿ ತಿನ್ನಬೇಕೆನಿಸುವುದನ್ನು ಮನೆಯವರು ಬಯಕೆ ಎಂದು ನಕ್ಕು ಸುಮ್ಮನಾಗುತ್ತಾರೆ. ಅನೇಕ ಸಲ ಅದು ಮೈಯಲ್ಲಿ ಕಬ್ಬಿಣ ಬರಿದಾಗಿರುವುದರ ಸೂಚನೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಬಸಿರಿನಲ್ಲಿ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಗಂಭೀರ. ಅಂಥವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ, ಬೇಕಾದರೆ ರಕ್ತ ಹಾಕುವ ಏರ್ಪಾಡು ಆಸ್ಪತ್ರೆಯಲ್ಲಿದೆ. ಆ ಅಂಕಿ ಒಂಬತ್ತನೇ ತಿಂಗಳಲ್ಲಿ ಗೊತ್ತಾದರೆ ಏನೂ ಮಾಡಲು ಪುರಸೊತ್ತಿರುವುದಿಲ್ಲ.

ಇನ್ನು ತಟ್ಟೆಯ ಮಾತು. "ಇಬ್ಬರಿಗಾಗುವಷ್ಟು ತಿನ್ನು" ಎನ್ನುವುದೂ ತಪ್ಪು, "ಕಮ್ಮಿ ತಿನ್ನು" ಎನ್ನುವುದೂ ತಪ್ಪು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಬೇಕು. ಅಂದರೆ ಅವಳ ನಿತ್ಯದ ಊಟದ ಮೇಲೆ ಇನ್ನೊಂದು ಸಣ್ಣ ಊಟ. ಹೆಚ್ಚು ಗಮನ ಬೇಕಾದದ್ದು ಪ್ರೋಟೀನಿಗೆ: ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚಿಗೆ. ಬರೀ ಅನ್ನ, ತಿಳಿಸಾರಿನಿಂದ ಇದು ಪೂರೈಸುವುದಿಲ್ಲ. ಮೊಳಕೆಕಾಳು, ಬೇಳೆ, ಮೊಟ್ಟೆ, ಹಾಲು, ಮೀನು ಇವುಗಳಲ್ಲಿ ಮನೆಗೆ ಒಗ್ಗಿದ್ದು ತಟ್ಟೆಗೆ ಬೀಳಬೇಕು. ರಾಗಿ ನಮ್ಮವರ ಪುಣ್ಯ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕು ಕ್ಯಾಲ್ಸಿಯಂ ಇದೆ.

ಯಾವ ಮನೆಯಲ್ಲಿ ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುತ್ತಾಳೋ ಆ ಮನೆಯಲ್ಲಿ ಈ ಲೆಕ್ಕವೆಲ್ಲ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ನಿಲ್ಲುತ್ತದೆ. ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಸರಿಯಾಗಿ ಇಲ್ಲಿಗೇ ಕೈಯಿಟ್ಟಿತು. ಅಂಗನವಾಡಿಯಲ್ಲಿ ಬಸುರಿಗೂ ಬಾಣಂತಿಗೂ ಮಧ್ಯಾಹ್ನ ಬಿಸಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ ಅಥವಾ ಕಾಳು, ಒಂದು ಲೋಟ ಹಾಲು, ಶೇಂಗಾ ಚಿಕ್ಕಿ. ಅಲ್ಲೇ ಕೂತು ಉಣ್ಣಬೇಕು, ಕಬ್ಬಿಣದ ಮಾತ್ರೆಯನ್ನೂ ಅಲ್ಲೇ ನುಂಗಬೇಕು. ದಿನಸಿಯನ್ನು ಮನೆಗೆ ಕೊಟ್ಟರೆ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ತಟ್ಟೆಯನ್ನೇ ಅವಳ ಮುಂದಿಟ್ಟರೆ ಹಾಗಾಗದು ಎಂಬುದು ಸರಿಯಾದ ತಿಳಿವಳಿಕೆ. ತೊಡಕು ಬಂದದ್ದು ದಾರಿಯಲ್ಲಿ. ಮಲೆನಾಡು, ಕರಾವಳಿಯಲ್ಲಿ ಮನೆಗಳು ಒಂದೊಂದು ಗುಡ್ಡಕ್ಕೊಂದು. ಎಂಟು ತಿಂಗಳ ಬಸುರಿ ಮಳೆಯಲ್ಲಿ ಇಳಿಜಾರು ಹತ್ತಿಳಿದು ಊಟಕ್ಕೆ ಬರಬೇಕೆಂದರೆ ಹೇಗೆ ಎಂದು ಅಲ್ಲಿನವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೂಲಿಗೆ ಹೋಗುವವಳಿಗೂ ನಡುಮಧ್ಯಾಹ್ನದ ಹೊತ್ತು ಕೈಗೆ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಯೋಜನೆಯ ತಿರುಳನ್ನು ಬಿಡದೆ, ಬಯಲುಸೀಮೆಗೊಂದು ಮಲೆನಾಡಿಗೊಂದು ಕ್ರಮ ಮಾಡುವುದೇ ಸರಿ.

ತಾಯಿಯ ತಟ್ಟೆಯಲ್ಲಿ ಇದ್ದದ್ದು ಇಲ್ಲದ್ದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಮೈಸೂರಿನಲ್ಲಿ ಪುರಾವೆಯಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ; ಮೂರು ಕಿಲೋಗೂ ಮಿಕ್ಕಿ ಹುಟ್ಟಿದವರಲ್ಲಿ ಅದು 3. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಇನ್ನೊಂದು ಅಧ್ಯಯನದಲ್ಲಿ ಬಸುರಿಯರ ಪೈಕಿ ನೂರಕ್ಕೆ 43 ಮಂದಿಗೆ ಬಿ12 ಜೀವಸತ್ವದ ಕೊರತೆ ಕಂಡಿತು. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಬಿಟ್ಟರೆ ಬಿ12 ಸಿಗುವುದು ಕಷ್ಟ. ಸಸ್ಯಾಹಾರಿ ಬಸುರಿ ಇದನ್ನು ವೈದ್ಯರ ಬಳಿ ಬಾಯಿಬಿಟ್ಟು ಕೇಳಬೇಕು.

ರಕ್ತದೊತ್ತಡ ಬೇರೆಯೇ ಬಗೆಯ ಶತ್ರು. ರಕ್ತಹೀನತೆ ಸುಸ್ತಾಗಿ ಕಾಣಿಸಿಕೊಳ್ಳುತ್ತದೆ; ಬಿಪಿ ಕೊನೆಯವರೆಗೆ ಕಾಣಿಸದೆ ಇರಬಲ್ಲದು. ಇಪ್ಪತ್ತು ವಾರ ದಾಟಿದ ಮೇಲೆ ಒತ್ತಡ 140/90 ಮುಟ್ಟಿದರೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅದು ಪ್ರಿಎಕ್ಲಾಂಪ್ಸಿಯಾ. ತೋಳಿಗೆ ಪಟ್ಟಿ ಸುತ್ತಿ ಎರಡು ನಿಮಿಷದಲ್ಲಿ ನೋಡಿ, ತಾಯಿ ಕಾರ್ಡಿನಲ್ಲಿ ಬರೆಯುವ ಎರಡು ಅಂಕಿಗಳು ಯಾವ ಬಣ್ಣದ ಸ್ಕ್ಯಾನಿಂಗ್ ಫೋಟೋಗಿಂತಲೂ ಮುಖ್ಯ. ಪಾದ ಬಾತುಕೊಳ್ಳುವುದು ಬಸಿರಿನಲ್ಲಿ ಸಾಮಾನ್ಯವೇ. ಮುಖ, ಕೈ ಬಾತರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ಹೊಟ್ಟೆ ನೊಂದರೆ ಬೆಳಗಾಗಲಿ ಎಂದು ಕಾಯಬಾರದು. ಫಿಟ್ಸ್ ಬಂದ ಮೇಲೆ "ಗಾಳಿ ಸೋಕಿದೆ" ಎಂದು ದೇವಸ್ಥಾನದ ಕಡೆ ತಿರುಗಿ ಕಳೆದುಕೊಂಡ ಜೀವಗಳು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೊಸತಲ್ಲ. ಈ ಫಿಟ್ಸಿಗೆ ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಹಳೆಯ, ಅಗ್ಗದ ಇಂಜೆಕ್ಷನ್ ಇದೆ. 33 ದೇಶಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಅದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು.

ಕ್ಯಾಲ್ಸಿಯಂ ಕಡಿಮೆ ಸಿಗುವ ಕಡೆ ಈ ಕಾಯಿಲೆ ತಡೆಯಲು ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿತ್ತು. ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಮಾತ್ರೆಗಳು ದಿನಕ್ಕೆ ಮೂರು ಎಂದಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 11,000 ಬಸುರಿಯರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು. ಜೊತೆಗೆ ತಾಂಜಾನಿಯಾದಲ್ಲೂ ಅಷ್ಟೇ ಮಂದಿಯನ್ನು ನೋಡಿದ್ದರು. ಪ್ರಿಎಕ್ಲಾಂಪ್ಸಿಯಾ ತಡೆಯುವುದರಲ್ಲಿ ದಿನಕ್ಕೆ 500 ಮಿಲಿಗ್ರಾಂ 1500ಕ್ಕಿಂತ ಹಿಂದೆ ಬೀಳಲಿಲ್ಲ. ಒಂದೇ ಮಾತ್ರೆಯಲ್ಲಿ ಆಗುವ ಕೆಲಸಕ್ಕೆ ಮೂರು ಹೊರಿಸಬೇಕಿಲ್ಲ ಎಂಬ ಈ ತಿಳಿವು ಬಡ ದೇಶಗಳ ಔಷಧ ಖರ್ಚಿಗೂ ಬಸುರಿಯ ಹೊಟ್ಟೆಗೂ ದೊಡ್ಡ ಉಪಕಾರ. ತಾವಾಗಿ ಯಾರೂ ಮಾತ್ರೆ ಇಳಿಸಿಕೊಳ್ಳಬಾರದು, ವೈದ್ಯರನ್ನು ಕೇಳಬಹುದು.

ಕೆಲಸ ಮತ್ತು ಬಿಡುವಿನ ವಿಷಯದಲ್ಲಿ ಎರಡು ತುದಿಗಳಿವೆ. ಪೇಟೆಯ ಮಧ್ಯಮವರ್ಗದ ಮನೆಯಲ್ಲಿ ಬಸುರಿಯನ್ನು ಹಾಸಿಗೆಯಿಂದ ಏಳಗೊಡುವುದಿಲ್ಲ. ತೊಂದರೆಯಿಲ್ಲದ ಬಸಿರಿನಲ್ಲಿ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಒಳ್ಳೆಯದು, ಸಕ್ಕರೆ ಹತೋಟಿಯಲ್ಲಿರುತ್ತದೆ, ಬೆನ್ನುನೋವೂ ತಗ್ಗುತ್ತದೆ. ಹೊಲಗೂಲಿಯವಳಿಗೆ, ಇಟ್ಟಿಗೆ ಹೊರುವವಳಿಗೆ, ಶೌಚಾಲಯಕ್ಕೆ ಹೋಗಲು ಸೂಪರ್‌ವೈಸರನ್ನು ಕೇಳಬೇಕೆಂದು ನೀರನ್ನೇ ಕುಡಿಯದ ಹೊಲಿಗೆ ಕಾರ್ಮಿಕಳಿಗೆ ವ್ಯಾಯಾಮದ ಉಪದೇಶ ಬೇಕಿಲ್ಲ, ಕೂಲಿ ಕಳೆಯದ ರಜೆ ಬೇಕು. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ದುಡಿಯುವ ಹೆಂಗಸರಲ್ಲಿ ಹೆಚ್ಚಿನವರು ಆ ಕಾನೂನಿನ ನೆರಳಿಗೇ ಬರುವುದಿಲ್ಲ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ. ಕಳೆದುಕೊಂಡ ಕೂಲಿಯ ಮುಂದೆ ಅದು ಬಹಳ ಚಿಕ್ಕ ಮೊತ್ತ.

ಮನಸ್ಸಿನ ಆರೋಗ್ಯವನ್ನು ತಾಯಿ ಕಾರ್ಡಿನ ಅಂಕಿಗಳು ಹೇಳುವುದಿಲ್ಲ. ಸೀಮಂತವೋ ಕುಬುಸವೋ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಯಕೆಯ ಅಡುಗೆ ಬಡಿಸುವ ನಮ್ಮ ಕ್ರಮದಲ್ಲಿ ದೊಡ್ಡ ತಿಳಿವಳಿಕೆ ಇದೆ: ಹೆಂಗಸಿನ ಸುತ್ತ ಹೆಂಗಸರು ಸೇರುತ್ತಾರೆ, ಅವಳ ನಾಲಿಗೆಗೆ ಏನು ಬೇಕೆಂದು ಒಮ್ಮೆಯಾದರೂ ಕೇಳುತ್ತಾರೆ. ಆ ಒಂದು ದಿನ ಕಳೆದರೆ "ಗಂಡೇ ಆಗಲಿ" ಎಂಬ ಒತ್ತಾಯ, ಗಂಡನ ಕುಡಿತ, ಕೈಮಾಡುವುದು ಎಲ್ಲ ಮೊದಲಿನಂತೆಯೇ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಣಂತಿಯ ಖಿನ್ನತೆಗೆ ಬಡತನ, ಗಂಡನ ಹಿಂಸೆ, ಹೆಣ್ಣುಮಗು ಹುಟ್ಟಿದ್ದು ಎಲ್ಲವೂ ತಳುಕು ಹಾಕಿಕೊಂಡಿದ್ದವು. ಅವರಲ್ಲಿ ಅನೇಕರ ಖಿನ್ನತೆ ಬಸಿರಿನಲ್ಲೇ ಶುರುವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ಇಬ್ಬರನ್ನೂ ಜೊತೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು ತೆರೆಯಿತು, ದೇಶಕ್ಕೇ ಅದು ಮೊದಲು. ನಿದ್ದೆ ಹತ್ತದಿರುವುದು, ಕಾರಣವಿಲ್ಲದೆ ಅಳು, ಮಗುವಿನ ಮೇಲೆ ಅಕ್ಕರೆಯೇ ಹುಟ್ಟದಿರುವುದು, ಸತ್ತರೆ ಸಾಕೆನಿಸುವುದು, ಇವು ಎರಡು ವಾರ ಮೀರಿದರೆ ಅದು ಕಾಯಿಲೆ. ಅದನ್ನು ಸೊಕ್ಕು ಎಂದವರು ಆ ಹೆಂಗಸಿಗೆ ಅನ್ಯಾಯ ಮಾಡುತ್ತಾರೆ.

ಹೆರಿಗೆ ಹತ್ತಿರವಾದಂತೆ ಪ್ರಶ್ನೆ ಬದಲಾಗುತ್ತದೆ. ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಆ ಪ್ರಮಾಣ 47, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಒಂದೇ ದೇಶದ ಹೆಂಗಸರ ಮೈಯಲ್ಲಿ ಅಷ್ಟು ವ್ಯತ್ಯಾಸ ಇರಲಾರದು. ಒಂದು ಕಡೆ ಬೇಡದೆ ಕುಯ್ಯುತ್ತಿದ್ದಾರೆ, ಇನ್ನೊಂದು ಕಡೆ ಬೇಕಾದಾಗ ಕುಯ್ಯುವವರು ಸಿಗುತ್ತಿಲ್ಲ. ಶಸ್ತ್ರಕ್ರಿಯೆಯಾದ ಮೇಲೂ ಎಲ್ಲ ಸುರಕ್ಷಿತ ಎನ್ನುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಎದ್ದು ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆಸ್ಪತ್ರೆಗೆ ಬಂದವಳನ್ನು ಕಾಯುವುದು ಆಸ್ಪತ್ರೆಯ ಹೊಣೆ. ಔಷಧದ ಗುಣಮಟ್ಟವೂ ಆ ಹೊಣೆಯ ಒಳಗೇ ಬರುತ್ತದೆ.

ಹೆರಿಗೆಯಲ್ಲಿ ಅತಿ ವೇಗವಾಗಿ ಕೊಲ್ಲುವುದು ರಕ್ತಸ್ರಾವ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ವಿದೇಶಿ ಸಹೋದ್ಯೋಗಿಗಳೊಡನೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಮಗು ಹುಟ್ಟಿದ ಕೂಡಲೇ ಊರಿನ ನರ್ಸಮ್ಮ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಅಷ್ಟೆ. ಹೆಚ್ಚಿನ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. ಫ್ರಿಜ್ ಬೇಡ, ಸೂಜಿ ಬೇಡ, ಡಾಕ್ಟರು ಬರುವವರೆಗೆ ಕಾಯಬೇಕಿಲ್ಲ. ಬೆಳಗಾವಿಯ ಹಳ್ಳಿಗಳಲ್ಲಿ ಸಿಕ್ಕ ಈ ಫಲಿತಾಂಶ ಆಮೇಲೆ ಹೊರದೇಶಗಳಲ್ಲೂ ಚರ್ಚೆಗೆ ಬಂತು. ರಕ್ತ ಚೆನ್ನಾಗಿರುವ ಹೆಂಗಸು ಒಂದಿಷ್ಟು ಸ್ರಾವವನ್ನು ತಾಳಿಕೊಳ್ಳುತ್ತಾಳೆ, ಹಿಮೋಗ್ಲೋಬಿನ್ ಆರು ಗ್ರಾಂ ಇರುವವಳು ತಾಳಲಾರಳು. ಬಸಿರಿನಲ್ಲಿ ನುಂಗದೆ ಬಿಟ್ಟ ಕಬ್ಬಿಣದ ಮಾತ್ರೆಯ ಲೆಕ್ಕ ರಕ್ತ ಹರಿಯುವ ಆ ಹೊತ್ತಿನಲ್ಲಿ ಮುಂದೆ ಬರುತ್ತದೆ.

ಬಾಣಂತನದಲ್ಲಿ ಎಣ್ಣೆ ನೀರು, ಹೊಟ್ಟೆಗೆ ಕಟ್ಟುವ ಬಟ್ಟೆ, ತವರಿನ ಆರೈಕೆ ನಮ್ಮಲ್ಲಿ ಇನ್ನೂ ಉಳಿದಿವೆ, ಉಳಿಯಲಿ. ನೀರು ಕುಡಿಯಗೊಡದಿರುವುದು, ಸೊಪ್ಪು ತರಕಾರಿ ಬಿಡಿಸಿ ಬರೀ ಅನ್ನ, ಮೆಣಸಿನ ಸಾರು ಹಾಕುವುದು ಮಾತ್ರ ಹಾಲೂಡುವ ತಾಯಿಗೆ ಸಲ್ಲದು. ಬಸಿರಿನಲ್ಲಿ ಶುಗರ್ ಬಂದಿದ್ದವರ ವಿಷಯ ಇನ್ನೂ ಎಚ್ಚರದ್ದು. ಅವರನ್ನು ಗುರುತಿಸುವ ಪರೀಕ್ಷೆ ಸರಳವಾದದ್ದು: 75 ಗ್ರಾಂ ಗ್ಲೂಕೋಸ್ ಕಲಕಿದ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ, ಸಕ್ಕರೆ 140 ಮುಟ್ಟಿದರೆ ಬಸಿರಿನ ಶುಗರ್ ಎಂದು ಲೆಕ್ಕ. ಹೆರಿಗೆಯಾಗುತ್ತಲೇ ಸಕ್ಕರೆ ಇಳಿದು ಎಲ್ಲರೂ ನಿರಾಳರಾಗುತ್ತಾರೆ. ಮೈಸೂರಿನ ಅದೇ ಮಿಷನ್ ಆಸ್ಪತ್ರೆಯ ತಾಯಂದಿರನ್ನು ಐದು ವರ್ಷದ ಮೇಲೆ ನೋಡಿದಾಗ ಬಸಿರಿನಲ್ಲಿ ಶುಗರ್ ಇದ್ದವರಲ್ಲಿ ನೂರಕ್ಕೆ 37 ಮಂದಿ ಮಧುಮೇಹಿಗಳಾಗಿದ್ದರು, ಇಲ್ಲದಿದ್ದವರಲ್ಲಿ ನೂರಕ್ಕೆ ಕೇವಲ ಇಬ್ಬರು. ಹೆರಿಗೆಯಾಗಿ ಆರು ವಾರಕ್ಕೆ ಅದೇ ಗ್ಲೂಕೋಸ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಮಗುವಿನ ಮೊದಲ ಪೆಂಟಾವೇಲೆಂಟ್ ಲಸಿಕೆಯೂ ಆರು ವಾರಕ್ಕೇ ಬರುತ್ತದೆ. ಮಗುವಿನ ತೊಡೆಗೆ ಸೂಜಿ ಚುಚ್ಚುವ ಕೇಂದ್ರದಲ್ಲೇ, ಆ ಬೆಳಿಗ್ಗೆಯೇ, ತಾಯಿಯ ರಕ್ತವನ್ನೂ ನೋಡಿಬಿಡಬಹುದು.